ಹಳೆಯ ಮನೆಯ ನೀರಿನ ಪೈಪುಗಳು

ಪ್ರಶ್ನೆ: ಕಲಬುರಗಿಯಲ್ಲಿರುವ ನಮ್ಮ ಶಹಾಬಾದ್ ಕಲ್ಲಿನ ಮನೆಯನ್ನು 1978ರಲ್ಲಿ ಕಟ್ಟಿಸಲಾಗಿತ್ತು. ಬೆಳಿಗ್ಗೆ ನಳ ಬಿಟ್ಟರೆ ಮೊದಲು ಕೆಂಪು ನೀರು ಬರುತ್ತದೆ. ಪೈಪು ಬದಲಿಸಬೇಕೆ?

ಉತ್ತರ: ಸ್ವಲ್ಪ ಹೊತ್ತು ಹರಿದ ಮೇಲೆ ನೀರು ತಿಳಿಯಾಗುವುದಾದರೆ, ತುಕ್ಕು ಬಹುಮಟ್ಟಿಗೆ ನಿಮ್ಮ ಮನೆಯ ಪೈಪಿನದೇ. ಆ ಕಾಲದ ಮನೆಗಳಲ್ಲಿ ಹೆಚ್ಚಾಗಿ ಇರುವುದು ಜಿಐ ಪೈಪು, ಅಂದರೆ ಸತುವಿನ ಲೇಪನವುಳ್ಳ ಕಬ್ಬಿಣದ ಕೊಳವೆ. ಅಯಸ್ಕಾಂತ ಅದಕ್ಕೆ ಅಂಟಿಕೊಳ್ಳುತ್ತದೆ. ಅಂಟದೆ, ಚಾಕುವಿನಿಂದ ಕೆರೆದಾಗ ಮೆತ್ತಗಿದ್ದು ಬೆಳ್ಳಿಯಂತೆ ಹೊಳೆದರೆ ಸೀಸವಿರಬಹುದು. ಆ ನೀರನ್ನು ಕುಡಿಯುವುದನ್ನು ಇಂದೇ ನಿಲ್ಲಿಸಿ, ಕುದಿಸಿದರೂ ಸೀಸ ಹೋಗುವುದಿಲ್ಲ.

ಲೇಪನ ಸವೆದ ಬಳಿಕ ತುಕ್ಕು ಒಳಗಿನಿಂದ ಬೆಳೆಯುವುದರಿಂದ, ಹೊರಗೆ ಬಣ್ಣ ಬಳಿದ ಪೈಪು ಗಟ್ಟಿಯಾಗಿ ಕಂಡರೂ ಒಳದಾರಿ ಕಿರಿದಾಗಿರುತ್ತದೆ, ಬೋರ್‌ವೆಲ್ಲಿನ ಗಡಸು ನೀರು ಬಿಡುವ ಸುಣ್ಣವೂ ಅದಕ್ಕೆ ಸೇರಿಕೊಳ್ಳುತ್ತದೆ. ಸೋರಿಕೆ ಸಾಮಾನ್ಯವಾಗಿ ಜೋಡಣೆಯಲ್ಲೇ ಶುರುವಾಗುತ್ತದೆ, ಏಕೆಂದರೆ ತಿರುಪು ಕೊರೆದ ಜಾಗದಲ್ಲಿ ಲೋಹ ತೆಳುವಾಗಿರುತ್ತದೆ.

ಒಂದು ತುಂಡನ್ನಷ್ಟೇ ಬದಲಿಸಿ ಸುಮ್ಮನಾಗುವುದನ್ನು ನಾನು ಒಪ್ಪುವುದಿಲ್ಲ. ಪೂರ್ತಿ ಸಿಪಿವಿಸಿ, ಅಂದರೆ ಬಿಸಿನೀರನ್ನೂ ತಾಳುವ ಪ್ಲಾಸ್ಟಿಕ್ ಪೈಪು ಹಾಕಿಸಿ. ಗೀಸರಿನ ಬಿಸಿನೀರಿಗೆ ಸಾಮಾನ್ಯ ಪಿವಿಸಿ ಸಲ್ಲದು. ಹಳೆಯ ಪೈಪು ತೆಗೆಸುವ ಮುನ್ನ, ಮನೆಯ ಅರ್ಥಿಂಗ್ ತಂತಿಯನ್ನು (ಸೋರುವ ವಿದ್ಯುತ್ತನ್ನು ನೆಲಕ್ಕೆ ಹರಿಸುವ ತಂತಿ) ಅದಕ್ಕೇ ಕಟ್ಟಿದ್ದಾರೆಯೇ ಎಂದು ಎಲೆಕ್ಟ್ರಿಷಿಯನ್ ಒಬ್ಬರಿಂದ ತಪ್ಪದೆ ಪರೀಕ್ಷೆ ಮಾಡಿಸಿ.