ವೋಟ್ ಬ್ಯಾಂಕ್ ಪದ ಎಲ್ಲಿಂದ ಬಂತು, ಗೊತ್ತೇ?

‘ಮಗಳು ಪಿಯುಸಿಯಲ್ಲಿ ಒಳ್ಳೆ ಅಂಕ ತೆಗೆದಿದ್ದಾಳೆ. ಬಿ.ಕಾಂ. ಬಿಟ್ಟು ಬಿ.ಎ.ನಲ್ಲಿ ಮಾನವಶಾಸ್ತ್ರ ಓದುತ್ತೇನೆಂದು ಹಟ. ಕಾಡುಜನರ ತಲೆ ಅಳೆಯುವ ಓದಿಗೆ ಕೆಲಸ ಎಲ್ಲಿದೆ? ಬುದ್ಧಿ ಹೇಳಿ. ಹಾಗೇ, ನಮ್ಮ ಪಂಚಾಯ್ತಿಯನ್ನು ಹಾಳು ಮಾಡಿದ ವೋಟ್ ಬ್ಯಾಂಕ್ ಬಗ್ಗೆಯೂ ಬರೆಯಿರಿ.’
– ಓದುಗರೊಬ್ಬರು, ಚನ್ನರಾಯಪಟ್ಟಣ

ಕೆಲಸದ ಚಿಂತೆ ಸುಳ್ಳಲ್ಲ ಸ್ವಾಮಿ. ಬರೀ ಬಿ.ಎ. ಸಾಲದು, ಎಂ.ಎ. ಕೂಡ ಮಾಡಬೇಕಾದೀತು. ಮೈಸೂರು, ಧಾರವಾಡ ಎರಡೂ ಕಡೆ ವಿಭಾಗ ಇದೆ. ಐಎಎಸ್ ಪರೀಕ್ಷೆಗೂ ಈ ವಿಷಯ ತಗೋಬಹುದು. ಇದನ್ನು ಕೇಳಿ ನಿಮ್ಮ ಮುಖ ಸ್ವಲ್ಪ ಅರಳಿರಬೇಕು, ಅಲ್ವಾ?

ತಲೆ ಅಳೆಯುವ ಕಾಲ ಹೋಗಿ ಎಷ್ಟೋ ವರ್ಷ ಆಯಿತು. ಜನರ ನಡುವೆಯೇ ಇದ್ದು ಅವರ ಬದುಕನ್ನು ನೋಡಿ, ಕೇಳಿ ತಿಳಿಯುವುದು ಈಗಿನ ಮಾನವಶಾಸ್ತ್ರ. ನೀವು ಬೈದ ಆ ‘ವೋಟ್ ಬ್ಯಾಂಕ್’ ಇದೆಯಲ್ಲ, ಅದನ್ನು 1955ರಲ್ಲಿ ಬಳಕೆಗೆ ತಂದವರು ನಮ್ಮ ಮೈಸೂರಿನ ಎಂ.ಎನ್. ಶ್ರೀನಿವಾಸ್. ಇದೇ ಶಾಸ್ತ್ರದವರು! 1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ತಿಂಗಳುಗಟ್ಟಲೆ ಇದ್ದು, ಯಾರು ಯಾರ ಮನೆಯಲ್ಲಿ ಉಣ್ಣುತ್ತಾರೆ, ಜಗಳ ಯಾರು ಬಿಡಿಸುತ್ತಾರೆ ಎಂದೆಲ್ಲ ಬರೆದುಕೊಂಡರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಯಾರೋ ಹಚ್ಚಿದ ಬೆಂಕಿಗೆ, ಅವರು ತಿದ್ದಿ ಜೋಡಿಸಿಟ್ಟ ಟಿಪ್ಪಣಿಗಳ ಮೂರೂ ಪ್ರತಿ ಸುಟ್ಟುಹೋದವು. ಆಮೇಲೆ ನೆನಪನ್ನೇ ನೆಚ್ಚಿ ಪುಸ್ತಕ ಬರೆದರು. ಅಷ್ಟು ನೆನಪಿರಬೇಕಾದರೆ ಅವರು ಆ ಊರನ್ನು ಹೇಗೆ ನೋಡಿರಬೇಕು!

ನಾನು ವರದಿಗಾರನಾಗಿದ್ದಾಗ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡೊಂದಕ್ಕೆ, ಅಂದರೆ ಆ ಬುಡಕಟ್ಟಿನವರ ಹಾಡಿಗೆ, ಪ್ರಶ್ನೆಪಟ್ಟಿ ಹಿಡಿದು ಹೋಗಿದ್ದೆ. ‘ಮನೆಯಲ್ಲಿ ಎಷ್ಟು ಜನ?’ ಅಂದೆ. ಅಜ್ಜಿ ನಕ್ಕು, ‘ಬೆಂಕಿ ಕಾಯೋಕೆ ಬರೋರ್ನೂ ಸೇರಿಸ್ಲಾ?’ ಎಂದರು. ನನ್ನ ಫಾರಂನಲ್ಲಿ ಅದಕ್ಕೆ ಜಾಗ ಇರಲಿಲ್ಲ. ಸುಮ್ನೆ ‘5’ ಅಂತ ಬರೆದು ಬಂದೆ. ಈಗಲೂ ನಾಚಿಕೆಯಾಗುತ್ತದೆ. ನಮ್ಮ ಎಷ್ಟು ಸರ್ಕಾರಿ ಯೋಜನೆಗಳು ಇಂಥ ‘5’ರ ಮೇಲೆ ನಿಂತಿವೆಯೋ!

ನನಗೆ ಉರಿಯುವುದು ಇನ್ನೊಂದಕ್ಕೆ. ವಿಯೆನ್ನಾದಲ್ಲಿ ಹುಟ್ಟಿದ ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೀನ್ 1950ರ ದಶಕದಲ್ಲಿ ಮಂಡ್ಯಕ್ಕೆ ಬಂದರು. ನಾಲೆ ನೀರು ಹರಿದ ಊರು ಹೇಗಾಯಿತು, ನೀರು ಹತ್ತದ ಪಕ್ಕದ ಊರು ಹೇಗಾಯಿತು ಎಂದು ಕೂತು ನೋಡಿದರು. ನೀರಿಲ್ಲದ ಊರಿನವರೇ ಹೊರಗಿನ ಕಸುಬು ಹಿಡಿದು ಜಾಸ್ತಿ ಬದಲಾಗಿದ್ದರು. ಇದನ್ನು ಕಾಣಲು ವಿಯೆನ್ನಾದ ಹೆಣ್ಣುಮಗಳೇ ಬರಬೇಕಿತ್ತಾ? ನಮ್ಮ ಮಕ್ಕಳನ್ನು ಕೋಚಿಂಗಿಗೆ ಬೆಂಗಳೂರಿನ ಬಸ್ಸು ಹತ್ತಿಸುತ್ತೇವೆ. ಅವರಿಗೆ ಪಕ್ಕದ ಬೀದಿಯವರ ಹೆಸರೂ ಗೊತ್ತಿರುವುದಿಲ್ಲ.

ನಿಮ್ಮ ಮಗಳು ತಾನಾಗಿ ಕೇಳುತ್ತಿದ್ದಾಳೆ. ಅಂಥ ಮಗಳನ್ನು ಬೆಳೆಸಿದವರು ನೀವೇ ತಾನೆ? ಫೀಸು ಕಟ್ಟಿ. ಪಂಚಾಯ್ತಿ ಲೇಖನ ನಾನು ಬರೆಯುವುದಿಲ್ಲ. ಅವಳೇ ಊರೆಲ್ಲ ಓಡಾಡಿ, ಕೇಳಿ, ಬರೆಯಲಿ. ನಾಲ್ಕು ಪುಟ ಖಾಲಿ ಇಟ್ಟಿರುತ್ತೇನೆ.

– ಸಂಪಾದಕ