ಅಖೀಖಾ ಮಾಂಸವನ್ನು ಬಡ ಕುಟುಂಬಗಳಿಗೆ ಹಂಚಬೇಕು: ಸಂಸ್ಥೆಗೆ ಹಣ ಕಟ್ಟುವುದೋ, ನಾವೇ ಮಾಡಿಸುವುದೋ?

ಅಖೀಖಾ ಎಂದರೆ ಮಗು ಹುಟ್ಟಿದ ಸಂತೋಷಕ್ಕೆ ಕುರಿ ಕೊಯ್ಯಿಸುವುದು. ನಿಮ್ಮ ಮಗ ಹುಟ್ಟಿದ 7ನೆಯ ದಿನ ಬಕ್ರೀದಿನ ಮರುದಿನ ಬೀಳುತ್ತದೆ, ಅಂದೇ ಎರಡು ಕುರಿ ಕೊಯ್ಯಿಸಿ ಮಾಂಸವನ್ನೆಲ್ಲ ಬಡವರಿಗೆ ಕೊಡಬೇಕೆಂದಿದ್ದೀರಿ, ಒಂದು ಸಂಸ್ಥೆಗೆ ಹಣ ಕಟ್ಟಿ ಮಾಡಿಸುವುದೋ ನೀವೇ ಮಾಡಿಸುವುದೋ ಎಂದು ಕೇಳಿದ್ದೀರಿ. ಮೈಸೂರಿನಲ್ಲಿ ನಮ್ಮ ಮೊದಲ ಮಗಳು ಹುಟ್ಟಿದ್ದೂ ಬಕ್ರೀದ್ ಬರುವ ಜಿಲ್‌ಹಜ್ ತಿಂಗಳ ಮೊದಲ ವಾರದಲ್ಲಿ, ಒಂದು ಶುಕ್ರವಾರ. ಹುಟ್ಟಿದ ದಿನವನ್ನೂ ಸೇರಿಸಿ ಎಣಿಸುವುದರಿಂದ 7ನೆಯ ದಿನ ಗುರುವಾರವಾಯಿತು, ಅದು ಹಬ್ಬದ ಮರುದಿನವೇ ಆಗಿತ್ತು. ಸ್ವಲ್ಪ ತಡೆ ಎಂದು ಅಬ್ಬಾ ಹೇಳಿದರೂ ದಿನ ತಪ್ಪಿದರೆ ಸುನ್ನತ್, ಅಂದರೆ ಪ್ರವಾದಿಯವರ ನಡೆ, ತಪ್ಪಿದಂತೆ ಎಂದು ವಾದಿಸಿ ಅವರ ಬಾಯಿ ಮುಚ್ಚಿಸಿದೆ.

ಆ ಹಟದಿಂದ ಕಳೆದುಕೊಂಡದ್ದನ್ನು ಬಿಡಿಸಿಯೇ ಹೇಳುತ್ತೇನೆ. ಹಬ್ಬ ಕಳೆದ ಮೇಲೆ ಒಳ್ಳೆಯ ಕುರಿ ಉಳಿದಿರಲಾರದೆಂದು ಹೆದರಿ, ಬೆಲೆ ನೆತ್ತಿಗೇರಿದ್ದ ಹಬ್ಬದ ಮುಂಚಿನ ವಾರದಲ್ಲೇ ಕೊಂಡೆ. ಆ ವಾರ ಬಾಗಲಕೋಟೆ ಜಿಲ್ಲೆಯ ಅಮೀನಗಡದ ಕಡೆಯಿಂದ ಬರುವ ಟಗರುಗಳಿಗೆ ಬೆಲೆ ಕಟ್ಟುವುದು ಕೊಂಬು ಮತ್ತು ಮೈಕಟ್ಟು ನೋಡಿಯೇ ಹೊರತು ಮಾಂಸ ನೋಡಿ ಅಲ್ಲ. ಮಾಮೂಲು ದಿನಗಳಲ್ಲಿ ಅದೇ ಹಣಕ್ಕೆ ಎರಡು ಕುರಿ ಬರುತ್ತಿದ್ದವೋ ಏನೋ. ಆಮೇಲೆ ಕಸಾಯಿ ಸಿಗಲಿಲ್ಲ. ಬಕ್ರೀದಿನ ಬಲಿಯಾದ ಕುರ್ಬಾನಿ ನಡೆಯುವಷ್ಟು ದಿನವೂ ಅವರು ಮನೆಯಿಂದ ಮನೆಗೆ ಓಡುತ್ತಿರುತ್ತಾರೆ. ಬೆಳಿಗ್ಗೆ ಬರುತ್ತೇನೆಂದವನು ಇಳಿಹೊತ್ತಿನ ಅಸರ್ ನಮಾಜಿನ ನಂತರ ಬಂದ, ಕತ್ತರಿಸಿ ಮುಗಿಸುವಷ್ಟರಲ್ಲಿ ಕತ್ತಲಾಗಿತ್ತು.

ಇದನ್ನೆಲ್ಲ ಸಹಿಸಬಹುದಿತ್ತು. ಆದರೆ ರಾತ್ರಿ ಪೊಟ್ಟಣಗಳನ್ನು ಹಿಡಿದು ಊದುಬತ್ತಿ ಹೊಸೆದು ಬದುಕುವವರ ಬೀದಿಗೆ ಹೋದಾಗ, ಅಲ್ಲಿ ಯಾವ ಮನೆಯಲ್ಲೂ ಮಾಂಸಕ್ಕೆ ಕೊರತೆಯಿರಲಿಲ್ಲ. ಎರಡು ದಿನಗಳಿಂದ ಕುರ್ಬಾನಿಯ ಪಾಲು ಎಲ್ಲ ಕಡೆಯಿಂದಲೂ ಬಂದಿತ್ತು, ಫ್ರಿಜ್ ಇಲ್ಲದವರು ಉಪ್ಪು, ಅರಿಶಿನ ಸವರಿ ಹಗ್ಗದ ಮೇಲೆ ಒಣಹಾಕಿದ್ದರು. ಒಬ್ಬ ವೃದ್ಧೆ ಮರ್ಯಾದೆಗೆ ಪೊಟ್ಟಣ ತೆಗೆದುಕೊಂಡು, "ಬೇಟಾ, ಹದಿನೈದು ದಿನ ಬಿಟ್ಟು ತಂದಿದ್ದರೆ ಮಕ್ಕಳು ಎಷ್ಟು ಖುಷಿಪಡುತ್ತಿದ್ದರು" ಎಂದರು. ಕೆಲವು ಮನೆಗಳಲ್ಲಿ ಪೊಟ್ಟಣ ಬಿಚ್ಚುವ ಮೊದಲೇ ಮಾಂಸ ಹಳಸಿತೆಂದು ಆಮೇಲೆ ತಿಳಿಯಿತು. ಉಣ್ಣುವವರ ಲೆಕ್ಕ ಹಾಕದೆ ದಿನದ ಲೆಕ್ಕ ಮಾತ್ರ ಹಾಕಿದ್ದೆ.

ಆದ್ದರಿಂದ ಸಂಸ್ಥೆಯೋ ನಾವೋ ಎಂಬ ನಿಮ್ಮ ಪ್ರಶ್ನೆಯೇ ಅವಸರದ್ದು ಎಂದು ನನಗನ್ನಿಸುತ್ತದೆ. ಯಾರು, ಯಾವಾಗ ಉಣ್ಣುತ್ತಾರೆ ಎಂಬುದು ಮೊದಲು ತೀರ್ಮಾನವಾಗಲಿ. 7ನೆಯ ದಿನ ಉತ್ತಮ, ನಿಜ. ಅದು ತಪ್ಪಿದರೆ 14, ಅದೂ ತಪ್ಪಿದರೆ 21 ಎಂಬ ಮಾತು ಪ್ರವಾದಿಯವರ ಪತ್ನಿ ಹಜ್ರತ್ ಆಯಿಷಾ ಅವರಿಂದ ಬಂದಿದೆ, ಅದಕ್ಕೂ ಮುಂದೆ ಹೋದರೂ ಆಗುತ್ತದೆಂದು ಹೇಳುವ ವಿದ್ವಾಂಸರು ಅನೇಕರಿದ್ದಾರೆ. ಮಗುವಿನ ತಲೆ ಬೋಳಿಸಿ, ಕೂದಲಿನ ತೂಕದಷ್ಟು ಬೆಳ್ಳಿಯ ಬೆಲೆಯನ್ನು ದಾನ ಮಾಡಿ, ಹೆಸರಿಡುವುದಕ್ಕೆ ಕುರಿ ಬೇಕಿಲ್ಲ. ಇಷ್ಟನ್ನು 7ನೆಯ ದಿನವೇ ಮಾಡಿ, ಕುರಿಯನ್ನು ಮುಂದಕ್ಕೆ ಹಾಕಿ. ಇನ್ನು ಎರಡು ಕುರಿಗಳ ವಿಷಯ: ಗಂಡುಮಗುವಿಗೆ ಎರಡು ಎಂಬುದು ಸರಿಯೇ ಆದರೂ, ಕೈಯಲ್ಲಾಗದವರಿಗೆ ಒಂದೇ ಸಾಕು. ಸಾಲ ಮಾಡಿ ಎರಡನೆಯದನ್ನು ತರಬೇಡಿ.

ಮಗ ಹುಟ್ಟಿದಾಗ ನಾವು ಹಬ್ಬಹರಿದಿನವಿಲ್ಲದ ಒಂದು ತಿಂಗಳ ಕೊನೆಯ ವಾರವನ್ನು ಆರಿಸಿದೆವು, ಏಕೆಂದರೆ ಬಾಡಿಗೆ, ಶಾಲೆ ಫೀಸು ಕಟ್ಟಿ ಕೈ ಬರಿದಾದ ಮನೆಗಳಲ್ಲಿ ಮಾಂಸ ನೆನಪಾಗುವುದೂ ಆಗಲೇ. ಮಳವಳ್ಳಿ ಕಡೆಯ ಬನ್ನೂರು ತಳಿಯ ಕುರಿಗಳನ್ನು ತೂಕ ಹಾಕಿಸಿ ಕೊಂಡೆವು. 25 ಕಿಲೋ ತೂಗುವ ಕುರಿಯಿಂದ ಸುಮಾರು 11–12 ಕಿಲೋ ಮಾಂಸ ಸಿಗುತ್ತದೆಂದು ಲೆಕ್ಕವಿಟ್ಟುಕೊಳ್ಳಿ. ಪಟ್ಟಿಯನ್ನು ಆ ಬೀದಿಯ ಹೆಂಗಸರೇ ಮಾಡಿಕೊಟ್ಟರು. ಯಾರ ಮನೆಯ ಒಲೆ ಹೊತ್ತಿಲ್ಲ ಎಂಬುದು ಮಸೀದಿ ಕಮಿಟಿಗಿಂತ ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ. ಮನೆಗೆ ಒಂದು ಕಿಲೋ ಕೊಟ್ಟೆವು. ಕಾಲು ಕಿಲೋ ಪೊಟ್ಟಣಗಳನ್ನು ರಾಶಿ ಹಾಕುವುದು ಫೋಟೋಕ್ಕೆ ಚೆನ್ನಾಗಿರುತ್ತದೆ, ಆರು ಜನರ ಮನೆಗೆ ಸಾಲುವುದಿಲ್ಲ. ಬರೀ ಹಸಿ ಮಾಂಸ ಕೊಟ್ಟರೆ ಎಣ್ಣೆ, ಈರುಳ್ಳಿ, ಗ್ಯಾಸಿನ ಖರ್ಚನ್ನು ಅವರ ತಲೆಗೆ ಕಟ್ಟಿದಂತಾಗುವುದರಿಂದ ಅಕ್ಕಿ, ಎಣ್ಣೆ, ಮಸಾಲೆ ಸಾಮಾನನ್ನೂ ಜೊತೆಗಿಟ್ಟೆವು. ಒಂಟಿ ಮುದುಕರಿಗೆ ಬೇಯಿಸಿಯೇ ಕಳುಹಿಸಿದೆವು. ಇಸ್ಲಾಮಿನ ಧರ್ಮಶಾಸ್ತ್ರ ಪದ್ಧತಿಗಳಲ್ಲಿ ನಾವು ಹನಫಿ ಪದ್ಧತಿಯವರು, ನಮ್ಮಲ್ಲಿ ಹಸಿಯದೂ ಆಗುತ್ತದೆ, ಬೇಯಿಸಿದ್ದೂ ಆಗುತ್ತದೆ. ಕರಾವಳಿಯ ಬ್ಯಾರಿಗಳಂತೆ ನೀವು ಶಾಫಿ ಪದ್ಧತಿಯವರಾದರೆ ಬೇಯಿಸಿ ಕೊಡುವುದೇ ಉತ್ತಮ. ಎಲ್ಲವನ್ನೂ ಹಂಚಿಬಿಡಬೇಕೆಂಬ ಕಟ್ಟಳೆಯೂ ಇಲ್ಲ. ಅಪ್ಪ ಅಮ್ಮ, ಅಜ್ಜ ಅಜ್ಜಿ ತಿನ್ನಬಾರದೆಂಬ ಮಾತಿಗೆ ಆಧಾರವಿಲ್ಲ, ಮನೆಯವರೂ ಉಣ್ಣಿ.

ಸಂಸ್ಥೆಯ ಮೂಲಕ ಮಾಡಿಸುವುದು ತಪ್ಪಲ್ಲ, ಇನ್ನೊಬ್ಬರಿಗೆ ವಹಿಸಿ ಕೊಯ್ಯಿಸಲು ಅನುಮತಿಯಿದೆ. ಆದರೆ ನಿಮ್ಮ ಓಣಿಯಲ್ಲೇ ಹಸಿದವರಿರುವಾಗ ದೂರದೇಶದ ರಸೀದಿಗೆ ಹಣ ಕಟ್ಟುವುದು ನನಗೆ ಒಪ್ಪಿಗೆಯಿಲ್ಲ. ಕಟ್ಟಿದರೂ ಕೊಯ್ಯುವ ದಿನ, ಹಂಚುವ ಊರು, ಒಂದು ಮನೆಗೆ ಎಷ್ಟು ಎಂಬ ಮೂರನ್ನು ಕೇಳಿಯೇ ಕಟ್ಟಿ.

ನೀವೇ ಮಾಡಿಸುವುದಾದರೆ, ಕಸಾಯಿಯ ಕೂಲಿಯನ್ನು ಮೊದಲೇ ಮಾತಾಡಿ ರೊಕ್ಕದಲ್ಲೇ ಕೊಡಿ. ಚರ್ಮ, ತಲೆಕಾಲು, ಬೋಟಿಯನ್ನು ಕೂಲಿಗೆ ವಜಾ ಹಾಕಿಕೊಳ್ಳುವುದು ನಮ್ಮ ಕಡೆ ರೂಢಿಯಾಗಿದೆ, ಅದು ಸಲ್ಲದು. ಕೂಲಿ ಕೊಟ್ಟ ಮೇಲೆ ಉಡುಗೊರೆಯಾಗಿ ಅವನ ಮನೆಗೂ ಒಂದು ಪಾಲು ಕಳುಹಿಸಿದರೆ ಅಡ್ಡಿಯಿಲ್ಲ.