ತಾಮ್ರದ ಚೊಂಬು, ಸಾಲ್ಮನ್ ಮೂಗು

ಹಿಂದಿನ ಸಲ ಅಮೆರಿಕದ ಅಲಾಸ್ಕಾದಲ್ಲಿ ಸಾಲ್ಮನ್ ಮೀನಿಗೆ ಹೆಸರಾದ ಬ್ರಿಸ್ಟಲ್ ಬೇ ಕೊಲ್ಲಿಯ ಬಗ್ಗೆ ಬರೆದಿದ್ದೆ. ಅಲ್ಲಿನ ನುಶಗಾಕ್, ಕ್ವಿಜಾಕ್ ನದಿಗಳು ಹುಟ್ಟುವ ಕಡೆ ‘ಪೆಬಲ್’ ಎಂಬ ತಾಮ್ರ-ಚಿನ್ನದ ಗಣಿ ತೆಗೆಯಲು ಕಂಪನಿ ಹೊರಟಿದ್ದು, ಅಲ್ಲಿನ ಮೂಲನಿವಾಸಿಗಳಾದ ಯೂಪಿಕ್, ಡೆನಾಯಿನಾ, ಅಲುಟಿಕ್ ಜನ ಅದಕ್ಕೆ ಅಡ್ಡ ನಿಂತಿದ್ದು, ಎಲ್ಲ ಹೇಳಿದ್ದೆ. ಆಮೇಲೆ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆ. ಮೊದಲ ಸಲ ನಕ್ಕೆ. ಈಗ ನಗು ಬರುತ್ತಿಲ್ಲ.

ರಾತ್ರಿ ತಾಮ್ರದ ಚೊಂಬಿನಲ್ಲಿಟ್ಟ ನೀರು ಕುಡಿದರೆ ಒಳ್ಳೆಯದು ಅಂತಾರೆ. ಹಾಗಿದ್ದ ಮೇಲೆ ನದಿಗೆ ಚೂರು ತಾಮ್ರ ಸೇರಿದರೆ ಮೀನಿಗೇನು? ಆ ಜನ ಸುಮ್ನೆ ಗಲಾಟೆ ಮಾಡ್ತಿಲ್ವಾ?

ನಿಮ್ಮ ಚೊಂಬಿನ ತಂಟೆಗೆ ನಾನು ಬರುವುದಿಲ್ಲ. ಅದರ ನೀರು ಸಕ್ಕರೆ ಕಾಯಿಲೆಯಿಂದ ಕ್ಯಾನ್ಸರ್ ತನಕ ಎಲ್ಲ ವಾಸಿ ಮಾಡುತ್ತದೆ ಎಂದು ವಾಟ್ಸಾಪ್‌ನಲ್ಲಿ ಹಂಚುತ್ತಾರಲ್ಲ, ಅವರ ತಂಟೆಗೆ ಬರುತ್ತೇನೆ. ವಾಸಿ ಮಾಡುವುದಿಲ್ಲ. ಮುಗೀತು.

ಈಗ ಮೀನು. ನೀವು ನೀರು ಕುಡಿಯುತ್ತೀರಿ, ಮೀನು ನೀರಲ್ಲೇ ಉಸಿರಾಡುತ್ತದೆ. ಅದರ ಮೂಗಿನ ನರ ನೇರ ನೀರಿಗೇ ತೆರೆದಿರುತ್ತದೆ. ನಮ್ಮ ಕುಡಿಯುವ ನೀರಿನ ಮಾನಕದಲ್ಲಿ ಲೀಟರಿಗೆ 50 ಮೈಕ್ರೋಗ್ರಾಂ ತಾಮ್ರ ಇದ್ದರೆ ತೊಂದರೆಯಿಲ್ಲ. ಸಾಲ್ಮನ್ ಮರಿಯ ಮೂಗು ಮಂಕಾಗಲು ಹೊಳೆ ನೀರಿನಲ್ಲಿ ಮೊದಲೇ ಇರುವುದಕ್ಕಿಂತ ಲೀಟರಿಗೆ ಎರಡು-ಮೂರು ಮೈಕ್ರೋಗ್ರಾಂ ಜಾಸ್ತಿಯಾದರೆ ಸಾಕು. ಅಂದರೆ ನೀವು ನಿಶ್ಚಿಂತೆಯಿಂದ ಕುಡಿಯುವ ನೀರಿನಲ್ಲೇ ಅದು ವಾಸನೆ ಕಳೆದುಕೊಳ್ಳುತ್ತದೆ.

ವಾಸನೆ ಹೋದರೆ ಏನಾಯಿತು ಅಂತೀರಾ? ಗುಂಪಿನ ಒಂದು ಮರಿಯ ಚರ್ಮವನ್ನು ದೊಡ್ಡ ಮೀನು ಕಚ್ಚಿ ಹರಿದರೆ ಅದರಿಂದ ಒಂದು ವಾಸನೆ ಹೊರಡುತ್ತದೆ. ಉಳಿದ ಮರಿಗಳು ತಟಕ್ಕನೆ ಅಲ್ಲಾಡದೆ ನಿಂತುಬಿಡುತ್ತವೆ. ತಾಮ್ರದ ನೀರಿನ ಮರಿಗಳು ನಿಲ್ಲುವುದಿಲ್ಲ, ಈಜುತ್ತಲೇ ಇರುತ್ತವೆ. ನೋಡಲು ಆರೋಗ್ಯವಾಗೇ ಇರುತ್ತವೆ, ತುತ್ತಾಗುವ ತನಕ. ಇನ್ನು ದೊಡ್ಡದಾದ ಮೇಲೆ, ಎರಡು-ಮೂರು ವರ್ಷ ಸಮುದ್ರದಲ್ಲಿ ಅಲೆದ ಸಾಕ್‌ಐ ಸಾಲ್ಮನ್ ತಾನು ಹುಟ್ಟಿದ ಹಳ್ಳಕ್ಕೇ ವಾಪಸ್ ಬರುವುದೂ ಆ ನೀರಿನ ವಾಸನೆ ಹಿಡಿದುಕೊಂಡೇ. ಜಗತ್ತಿನ ಸಾಕ್‌ಐಯಲ್ಲಿ ಹೆಚ್ಚುಕಡಿಮೆ ಅರ್ಧ ಬ್ರಿಸ್ಟಲ್ ಬೇಯದು. 2022ರಲ್ಲಿ 7 ಕೋಟಿಗೂ ಹೆಚ್ಚು ಮೀನು ಬಂದವು. ಅಷ್ಟೂ ಕಾಡುಮೀನು, ಹ್ಯಾಚರಿಯದ್ದಲ್ಲ.

ಏಳನೇ ಕ್ಲಾಸಿನಲ್ಲಿದ್ದಾಗ ತೋಟದ ಹಳ್ಳದಿಂದ ಹಿಡಿದ ಮರಿಗಳನ್ನು ಬಚ್ಚಲ ಹಂಡೆಗೆ ಬಿಟ್ಟಿದ್ದೆ. ತಾಮ್ರದ ಹಂಡೆ. ಬೆಳಗ್ಗೆ ಎಲ್ಲ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಇದು ಪುರಾವೆ ಅಲ್ಲ, ಗಾಳಿ ಸಾಲದೆಯೂ ಸತ್ತಿರಬಹುದು. ಅಜ್ಜಿ ಬೈದಿದ್ದು ಮಾತ್ರ ಮರೆತಿಲ್ಲ.

‘ಚೂರು ತಾಮ್ರ’ ಅಂದಿರಿ. ಪೆಬಲ್‌ನ ಅದಿರಿನಲ್ಲಿ ತಾಮ್ರ ಸುಮಾರು 0.4 ಶೇಕಡಾ. ಸಾವಿರ ಕಿಲೋ ಕಲ್ಲು ಅಗೆದರೆ ನಾಲ್ಕು ಕಿಲೋ. ಮಿಕ್ಕಿದ್ದು? ಅರೆದ ರಾಡಿಯಾಗಿ ಅಣೆಕಟ್ಟಿನ ಹಿಂದೆ ನಿಲ್ಲಬೇಕು. ಗಂಧಕ ಬೆರೆತ ಕಲ್ಲು ಅದು. ಗಾಳಿ, ನೀರು ತಾಗಿದರೆ ಆಮ್ಲವಾಗುತ್ತದೆ, ಆಮ್ಲ ಉಳಿದ ತಾಮ್ರವನ್ನು ಕರಗಿಸಿ ಎಳೆದುಕೊಂಡು ಬರುತ್ತದೆ. ಹತ್ತು ವರ್ಷ, ಇಪ್ಪತ್ತು ವರ್ಷದ ಲೆಕ್ಕವಲ್ಲ, ಎಂದೆಂದಿಗೂ ಕಾಯಬೇಕು. 2014ರ ಆಗಸ್ಟ್‌ನಲ್ಲಿ ಪಕ್ಕದ ಕೆನಡಾದ ಮೌಂಟ್ ಪೋಲಿ ಗಣಿಯ ಇಂಥದ್ದೇ ಕಟ್ಟೆ ಒಡೆದು ಸುಮಾರು 2.5 ಕೋಟಿ ಘನ ಮೀಟರ್ ರಾಡಿ, ನೀರು ಹರಿದು ಕ್ವೆನೆಲ್ ಸರೋವರ ಸೇರಿತು. ಅದೂ ಸಾಕ್‌ಐ ಸರೋವರವೇ.

ಗಲಾಟೆ ಅಂದಿರಲ್ಲ, ಆರು ಬುಡಕಟ್ಟುಗಳು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಗೆ ಅರ್ಜಿ ಕೊಟ್ಟಿದ್ದು 2010ರಲ್ಲಿ. ಸಂಸ್ಥೆ ಗಣಿಗೆ ಕೊನೆಯ ತಡೆ ಹಾಕಿದ್ದು 2023ರ ಜನವರಿಯಲ್ಲಿ. ಹದಿಮೂರು ವರ್ಷ ಕಾಗದ, ಸಭೆ, ಸಾಕ್ಷಿ. ಯಾವ ಕಟ್ಟೆಯೂ ಒಡೆಯದೆ ಎಲ್ಲ ಸರಿಯಾಗಿ ನಡೆದರೂ ಸಾಲ್ಮನ್ ಬರುವ ಹಳ್ಳ ಸುಮಾರು 13.7 ಕಿಲೋಮೀಟರ್ ಹೋಗುತ್ತಿತ್ತು ಎಂದು ಆ ಸಂಸ್ಥೆಯೇ ಲೆಕ್ಕ ಹಾಕಿತು. ಬೇಸಿಗೆಯಲ್ಲಿ ಹಿಡಿದು, ಅರ್ಧಚಂದ್ರದ ಕತ್ತಿಯಲ್ಲಿ ಸೀಳಿ, ಹೊಗೆಗೂಡಿನಲ್ಲಿ ತೂಗುಹಾಕಿದ ಆ ಮೀನೇ ಅವರ ಮನೆಗಳಿಗೆ ಚಳಿಗಾಲದ ಊಟ. ನೀವು ಉಪ್ಪಿನಕಾಯಿ ಭರಣಿಗೆ ಕೊಡುವ ಕಾಳಜಿಯಾದರೂ ಅದಕ್ಕೆ ಬೇಡವಾ?

ಇನ್ನುಳಿದ ಪತ್ರಗಳ ಪ್ರಶ್ನೆಗಳಿಗೆ ಚುಟುಕಾಗಿ.

ಅಲ್ಲಿನ ಮೂಲನಿವಾಸಿಗಳೆಲ್ಲ ಗಣಿಯ ವಿರುದ್ಧವೇ?

ಅಲ್ಲ. ಗಣಿ ಜಾಗಕ್ಕೆ ಹತ್ತಿರದ ಕೆಲವರಿಗೆ ಕೆಲಸ ಬೇಕಿತ್ತು. 2024ರಲ್ಲಿ ತಡೆಯ ವಿರುದ್ಧ ಕೋರ್ಟಿಗೆ ಹೋದವರಲ್ಲಿ ಕಂಪನಿ, ಅಲಾಸ್ಕಾ ರಾಜ್ಯದ ಜೊತೆ ಮೂಲನಿವಾಸಿಗಳೇ ಒಡೆಯರಾದ ಎರಡು ಕಂಪನಿಗಳೂ ಇವೆ.

ಆ ಜಮೀನು ಅವರದ್ದಲ್ಲವಂತೆ?

ಹೌದು, ಗಣಿ ಜಾಗ ರಾಜ್ಯ ಸರ್ಕಾರದ್ದು. ನೀರು ಅಲ್ಲೇ ನಿಲ್ಲುತ್ತದಾ?

ಮೀನನ್ನು ಬೇರೆ ಹೊಳೆಗೆ ಸಾಗಿಸಬಹುದಲ್ಲ?

ಮೇಲಿನ ಉತ್ತರದಲ್ಲಿ ಮೂಗಿನ ಭಾಗ ಇನ್ನೊಮ್ಮೆ ಓದಿ.

ಗಣಿ ಮುಚ್ಚಿದ ಮೇಲೆ ಎಲ್ಲ ಸರಿಹೋಗುತ್ತದೆ, ಕುದುರೆಮುಖದಲ್ಲಿ ಆಗಲಿಲ್ವಾ?

ಅಲ್ಲಿ ಅಗೆತ ನಿಂತಿದ್ದು 2005ರ ಕೊನೆಗೆ, ಅದೂ ಸುಪ್ರೀಂ ಕೋರ್ಟ್ ಹೇಳಿದ ಮೇಲೆ. ಲಕ್ಯಾ ಅಣೆಕಟ್ಟಿನ ಹಿಂದಿನ ಹೂಳು ಇನ್ನೂ ಅಲ್ಲೇ ಇದೆ.

ಸಾಲ್ಮನ್ ಎಣ್ಣೆ ಮಾತ್ರೆ ಯಾವ ಕಂಪನಿಯದು ಒಳ್ಳೆಯದು?

ಬೂತಾಯಿ ತಿನ್ನಿ.